ಮೆಷಿನ್ನಿನ ಮೇಲಿನ ಎಂಟು ಪಟ್ಟಿ

ನಮ್ಮ ಮನೆಯ ಹಳೆಯ ಹೊಲಿಗೆ ಮೆಷಿನ್ನಿನ ಮೇಲೆ ಒಂದು ಹೊದಿಕೆ ಇದೆ. ಎಂಟು ಬಣ್ಣದ ಎಂಟು ಪಟ್ಟಿಗಳನ್ನು ಜೋಡಿಸಿ ಹೊಲಿದದ್ದು. ಏಳು ಪಟ್ಟಿಗಳ ಹೊಲಿಗೆ ದಾರ ಹಿಡಿದು ಎಳೆದಷ್ಟು ನೇರ. ಎಲ್ಲಕ್ಕಿಂತ ಮೇಲಿನ ಗುಲಾಬಿ ಪಟ್ಟಿಯದು ಮಾತ್ರ ಸೊಟ್ಟ. ಅಂತಿಂಥ ಸೊಟ್ಟವಲ್ಲ, ಅಜ್ಜಂಪುರದಿಂದ ತರೀಕೆರೆಗೆ ಹೋಗುವ ಆ ಕಾಲದ ರಸ್ತೆಯಂಥದು. ಬಂದವರು ಕೇಳಿದರೆ "ಚಿಂದಿ ಜೋಡಿಸಿದ್ದು" ಎಂದು ಹೇಳಿ ಕಾಫಿ ಕೊಡುತ್ತಿದ್ದೆ. ಕಾಫಿ ಬಂದಮೇಲೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಹೋದ ತಿಂಗಳು ತಂಗಿಯ ಮೊಮ್ಮಗಳು ಸಿಂಚನ ಬಂದಿದ್ದಳು. ಕಾಲೇಜಿನ ಹುಡುಗಿ. ಮೊಬೈಲಿನಿಂದ ಅವಳ ತಲೆ ಮೇಲೇಳಬೇಕಾದರೆ ಒಂದೋ ಊಟಕ್ಕೆ ಹೋಳಿಗೆ ಇರಬೇಕು, ಇಲ್ಲವೇ ಬ್ಯಾಟರಿ ಮುಗಿಯಬೇಕು. ಅಂಥವಳು ಆ ಹೊದಿಕೆಯ ಮುಂದೆ ಕಂಬದ ಹಾಗೆ ನಿಂತುಬಿಟ್ಟಳು.

"ಅಜ್ಜಿ, ಇದು ಪ್ರೈಡ್ ಫ್ಲ್ಯಾಗ್. ಅದೂ ಮೊಟ್ಟಮೊದಲ ಎಂಟು ಪಟ್ಟಿಯದು. ಈಗ ಎಲ್ಲ ಕಡೆ ಆರೇ ಪಟ್ಟಿ ಇರೋದು. ಎಲ್ಲಿ ಸಿಕ್ತು ನಿಮಗೆ?"

"ಅಜ್ಜಂಪುರದಲ್ಲಿ ಹೊಲಿದದ್ದು ಕಣೇ" ಎಂದೆ.

ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇಲ್ಲವೆಂದು ಖಾತ್ರಿಯಾದ ಮೇಲೆ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಒಂದೊಂದೇ ಬಾವುಟ ತೋರಿಸತೊಡಗಿದಳು. ಗಂಡು ಹೆಣ್ಣು ಎಂದು ಹುಟ್ಟಿದಾಗ ಬರೆಸಿದ್ದನ್ನು ಒಪ್ಪದವರದು ತಿಳಿನೀಲಿ, ಗುಲಾಬಿ, ಬಿಳಿ. ಕಪ್ಪು ಕಂದು ಪಟ್ಟಿಗಳನ್ನು ಪಕ್ಕದಲ್ಲಿ ಬಾಣದ ಹಾಗೆ ಸೇರಿಸಿದ ಇನ್ನೊಂದು. ಹೆಂಗಸರಿಗೇ ಬೇರೆ ಒಂದು. ಇಷ್ಟೊಂದು ಬಾವುಟ ನೋಡಿದ್ದರೆ ನಮ್ಮ ಓಂಕಾರ ಮಾವ ಎರಡನೆಯ ಮೆಷಿನ್ನು ತೆಗೆದುಕೊಳ್ಳುತ್ತಿದ್ದರು.

ಓಂಕಾರ ಮಾವ ನನ್ನ ಅಮ್ಮನ ತಮ್ಮ, ಅಜ್ಜಂಪುರದಲ್ಲಿ ದರ್ಜಿ. ಎಂಬತ್ತರ ದಶಕ ಶುರುವಾಗಿ ಎರಡು ಮೂರು ವರ್ಷವಾಗಿರಬೇಕು. ನಾನು ಟಿ.ಸಿ.ಎಚ್. ಮುಗಿಸಿ, ಮೇಷ್ಟ್ರ ಕೆಲಸದ ಆರ್ಡರಿಗೆ ಕಾಯುತ್ತಾ, ಪಂಚನಹಳ್ಳಿಯಿಂದ ಬಂದು ಅಜ್ಜಿಯ ಮನೆ ಸೇರಿದ್ದೆ. ಸುಮ್ಮನೆ ಕೂತರೆ ಅಜ್ಜಿ ರಾಗಿ ಮುಂದಿಟ್ಟು ಕಲ್ಲು ಆರಿಸಲು ಹೇಳುತ್ತಿದ್ದಳು. ಅದರಿಂದ ತಪ್ಪಿಸಿಕೊಳ್ಳಲು ಮನೆಯ ಮುಂಭಾಗದಲ್ಲಿದ್ದ ಅಂಗಡಿಯಲ್ಲಿ ಕೂತು ಕಾಜಾ ಹಾಕುತ್ತಿದ್ದೆ. ಗುಂಡಿ ತೂರುವ ಆ ಕಿಂಡಿಗಳನ್ನು ನಾನು ಎಷ್ಟು ಚೆನ್ನಾಗಿ ಹಾಕುತ್ತಿದ್ದೆ ಅಂದರೆ, ಕೆಲವು ಅಂಗಿಗಳಲ್ಲಿ ಗುಂಡಿಯ ಜೊತೆ ಗುಂಡಿ ಹಾಕುವ ಬೆರಳೂ ತೂರಿಹೋಗುತ್ತಿತ್ತು. ಮೆಷಿನ್ನು ಮುಟ್ಟಲು ಮಾವ ಬಿಡುತ್ತಿರಲಿಲ್ಲ.

ಮಾವನ ಹೆಸರು ಅಂಗಿ ಚಡ್ಡಿಗಿಂತ ಹೆಚ್ಚಾಗಿ ಧ್ವಜಕ್ಕೆ. ಸುತ್ತಿನ ಮಠಗಳ ಪಂಚವರ್ಣದ ಧ್ವಜ ಅವರೇ ಹೊಲಿಯಬೇಕು. ಹಸಿರು, ಕೆಂಪು, ನೀಲಿ, ಬಿಳಿ, ಹಳದಿ: ಐವರು ಆಚಾರ್ಯರಿಗೆ ಐದು ಬಣ್ಣ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಧ್ವಜ ಮುಗಿಯುವ ತನಕ ಬಾಯಿಗೆ ಎಲೆ ಅಡಿಕೆ ಹಾಕದೆ ಹೊಲಿಯುತ್ತಿದ್ದರು. ಬಾವುಟ ಅಂದರೆ ಐದು ಬಣ್ಣ ಅನ್ನುವುದು ಅವರ ಕೈಬೆರಳಿಗೇ ಗೊತ್ತಿತ್ತು. ಆಗಸ್ಟಿನಲ್ಲಿ ಸ್ಕೂಲಿನಲ್ಲಿ ತ್ರಿವರ್ಣ ಧ್ವಜ ಹಾರಿಸುವಾಗಲೂ ಅವರಿಗೆ ಏನೋ ಎರಡು ಕಡಿಮೆಯಾದಂತೆ ಅನ್ನಿಸುತ್ತಿತ್ತಂತೆ.

ಮಾವನಿಗೆ ಆಗ ಮೂವತ್ತಾರು. ಮದುವೆ ಆಗಿರಲಿಲ್ಲ. ಅಜ್ಜಿ ನೋಡದ ಹೆಣ್ಣಿಲ್ಲ. ಕಡೂರಿನ ಹುಡುಗಿ ಎತ್ತರವಾದಳು, ಲಿಂಗದಹಳ್ಳಿಯವಳು ಕುಳ್ಳಾದಳು, ಬೀರೂರಿನವಳು ಅಳತೆಗೆ ಸರಿಯಾಗಿದ್ದಳಾದರೂ ಮಾವನಿಗೆ ಆ ದಿನ ಹೊಟ್ಟೆನೋವು ಬಂತು. ಕೊನೆಗೆ ಯಗಟಿಯಲ್ಲಿ ಒಂದು ತೆಂಗಿನ ತೋಟ, ಅದರ ಜೊತೆಗೊಂದು ಹೆಣ್ಣು ಗೊತ್ತಾಯಿತು. ತೋಟದ ಬಗ್ಗೆ ಅಜ್ಜಿ ಹೆಚ್ಚು ಮಾತಾಡುತ್ತಿದ್ದುದರಿಂದ ನಾನು ಈ ಕ್ರಮದಲ್ಲಿ ಹೇಳುತ್ತಿದ್ದೇನೆ. ಮೂರು ವಾರ ಬಿಟ್ಟು ಬರುವ ಸೋಮವಾರ ಯಗಟಿಯವರು ವೀಳ್ಯ ಶಾಸ್ತ್ರಕ್ಕೆ ಬರುವುದೆಂದು ನಿಶ್ಚಯವಾಯಿತು. ಮಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬೇಡ ಅನ್ನಲು ಬಾಯಲ್ಲಿ ಹೇಳುವಂಥ ಕಾರಣ ಅವರ ಹತ್ತಿರ ಇರಲಿಲ್ಲ.

ಹೇಳಲಾಗದ ಕಾರಣಕ್ಕೆ ಪರಮೇಶಣ್ಣ ಎಂದು ಹೆಸರು. ತರೀಕೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿಯುವ ಕೆಲಸ. ಹದಿನಾಲ್ಕು ವರ್ಷದಿಂದ, ವಾರ ತಪ್ಪದೆ, ಅಜ್ಜಂಪುರದ ಸಂತೆಯ ದಿನ ಲೈನಿಂಗ್ ಬಟ್ಟೆಯ ಗಂಟು ಹೊತ್ತು ಬರುತ್ತಿದ್ದರು. ಊಟ ಮಾಡಿ, ಉಳಿದು, ಮರುದಿನ ಮೊದಲ ಬಸ್ಸಿಗೆ ಹೊರಡುತ್ತಿದ್ದರು. ಅವತ್ತು ಮಾವ ಹೊಲಿಯುತ್ತಾ ಶಿಳ್ಳೆ ಹಾಕುತ್ತಿದ್ದರು. ಉಳಿದ ಆರು ದಿನ ಹಾಕುತ್ತಿರಲಿಲ್ಲ. ಮೊಸರಿನ ಕೆನೆಯನ್ನು ಅಜ್ಜಿ ಸ್ವಂತ ಮಗನಿಗೂ ಕೊಡದೆ ಪರಮೇಶಣ್ಣನಿಗೆ ಎತ್ತಿಡುತ್ತಿದ್ದಳು. ಇಷ್ಟೆಲ್ಲ ಕಣ್ಣೆದುರೇ ನಡೆದರೂ ನಾನು ಅದಕ್ಕೆ ಸ್ನೇಹ ಅನ್ನುವುದರ ಆಚೆ ಹೆಸರು ಹುಡುಕಿರಲಿಲ್ಲ. ಟಿ.ಸಿ.ಎಚ್.ನಲ್ಲಿ ಅದನ್ನು ಕಲಿಸಿರಲಿಲ್ಲ ನೋಡಿ.

ಯಗಟಿಯ ಸುದ್ದಿ ಕೇಳಿದ ದಿನ ಪರಮೇಶಣ್ಣ ಬಟ್ಟೆಯ ಗಂಟು ಇಳಿಸಿದರು. "ಒಳ್ಳೇದಾಯ್ತು ಬಿಡೋ ಓಂಕಾರಿ" ಎಂದರು. ಊಟಕ್ಕೆ ನಿಲ್ಲಲಿಲ್ಲ. ಮುಂದಿನ ಸಂತೆಗೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಜ್ಜಿ ಎತ್ತಿಟ್ಟ ಕೆನೆಯನ್ನು ಎರಡು ವಾರ ಬೆಕ್ಕು ತಿಂದಿತು. ಮಾವ ಆ ದಿನಗಳಲ್ಲಿ ಒಬ್ಬರ ಪ್ಯಾಂಟಿಗೆ ಎರಡೂ ಕಾಲು ಎಡಗಾಲೇ ಹೊಲಿದುಕೊಟ್ಟರು.

ಇಂಥ ಹೊತ್ತಿನಲ್ಲಿ ಪೀಟರ್ ಬಂದ. ಊರಾಚೆಯ ದನದ ಫಾರಮ್ಮಿನ ಹೋರಿಗಳ ಬಗ್ಗೆ ಓದಲು ಬಂದಿದ್ದ ಅಮೆರಿಕದವನು. ಅವನ ಓದು ಅಂದರೆ ಹೋರಿಗಳ ಕೊಂಬು ಅಳೆಯುವುದು. ಮೊದಲ ವಾರವೇ ಅವನ ಟೇಪನ್ನು ಒಂದು ಹೋರಿ ತಿಂದುಹಾಕಿತು. ನಮ್ಮ ಅಂಗಡಿಗೆ ಬಂದು ಮಾವನ ಟೇಪು ಎರವಲು ಕೇಳಿದ. ಆಮೇಲೆ ಬೆಳಿಗ್ಗೆ ಹೋರಿಗೆ, ಸಂಜೆ ಮನುಷ್ಯರಿಗೆ ಅದೇ ಟೇಪು. ಊರ ದೊಡ್ಡ ಜಮೀನ್ದಾರರು ಎದೆ ಅಳತೆ ಕೊಡುವಾಗ ಮೂಗು ಮುಚ್ಚಿಕೊಂಡು "ಏನೋ ಓಂಕಾರಿ, ಸಗಣಿ ವಾಸ್ನೆ" ಎಂದದ್ದಕ್ಕೆ ಮಾವ "ಹೊಸಾ ಬಟ್ಟೆ ಹಂಗೇ ಗೌಡ್ರೆ" ಎಂದುಬಿಟ್ಟರು.

ಪೀಟರಿಗೆ ಬರುತ್ತಿದ್ದ ಕನ್ನಡವೆಲ್ಲ ಹೋರಿಗಳ ಜೊತೆ ಆಡುವಂಥದು. "ಹ್ಹೊಹ್ಹೊ, ನಿಲ್ಲು" ಎಂದೇ ಅವನು ಅಜ್ಜಿಗೂ ನಮಸ್ಕಾರ ಹೇಳುತ್ತಿದ್ದ. ಅವನ ಮಾತಿಗೆ ನಾನೇ ದುಭಾಷಿ. ಇಂಗ್ಲಿಷಿನಲ್ಲಿ ನನಗೆ ಮೂವತ್ತೈದು ಅಂಕ ಬಂದಿತ್ತು, ಅದರಲ್ಲೂ ನಾಲ್ಕು ಮೌಲ್ಯಮಾಪನ ಮಾಡಿದವರ ಧರ್ಮ.

ಒಂದು ದಿನ ಪೀಟರ್ ಬೆನ್ನಿಗೆ ಹಾಕುವ ಚೀಲ, ಒಂದು ಬಟ್ಟೆ ಎರಡನ್ನೂ ಹಿಡಿದು ಬಂದ. ಹೋರಿ ತಿವಿದು ಚೀಲದ ಸಮೇತ ಒಳಗಿದ್ದ ಬಟ್ಟೆಯೂ ಹರಿದಿತ್ತು. "ಸ್ಟಿಚ್, ಪ್ಲೀಸ್" ಎಂದು ಕೊಟ್ಟು ಹೋದ. ಮಾವ ಬಟ್ಟೆ ಬಿಡಿಸಿದರು. ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ. ಅವರ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಕನಿಕರ ಕಂಡಿತು.

"ಪಾಪ, ಯಾವುದೋ ಮಠಕ್ಕೆ ನಡ್ಕೊಳೋನು ಕಣೇ ಗಿರಿಜಿ. ಪರದೇಶದಲ್ಲಿ ಯಾರೋ ತಿಳೀದೋನು ಹೊಲ್ದು ಕೊಟ್ಟವ್ನೆ. ಕಿತ್ತಳೆ ಯಾಕೆ ಬಂತು, ನೇರಳೆ ಯಾಕೆ ಬಂತು? ಬಿಳೀನೇ ಬಿಟ್ಟವ್ನಲ್ಲ."

ಮರುದಿನ ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಲೆ ಅಡಿಕೆ ಬಿಟ್ಟು ಕೂತರು. ಕಿತ್ತಳೆ, ನೇರಳೆ ಬಿಚ್ಚಿ ಬುಟ್ಟಿಗೆ ಹಾಕಿದರು. ಬಿಳಿ ಸೇರಿಸಿದರು. ಹಸಿರನ್ನು ಮೇಲಕ್ಕೆ ತಂದರು. ಸಂಜೆ ಪೀಟರ್ ಬಂದಾಗ ಮಡಿಚಿದ ಬಾವುಟವನ್ನು ಎರಡೂ ಕೈಯಲ್ಲಿ ಕೊಟ್ಟು, ಹೊಗಳಿಕೆಗೆ ಕಾಯುವ ಮುಖ ಮಾಡಿ ನಿಂತರು.

ಪೀಟರ್ ಬಿಡಿಸಿ ನೋಡಿದ. ಎಣಿಸಿದ. ಮತ್ತೆ ಎಣಿಸಿದ.

"ಸರಿ ಮಾಡಿವ್ನಿ, ದುಡ್ಡು ಬೇಡ ಅಂತ ಹೇಳೇ. ಯಾವ ಮಠಕ್ಕೆ ನಡ್ಕೊಳೋರು ಅಂತ್ಲೂ ಕೇಳು" ಎಂದರು ಮಾವ.

ನಾನು ಬೆವರುತ್ತಾ "ವಿಚ್ ಮಠ ಯು ವಾಕ್?" ಎಂದು ಕೇಳಿದೆ. ಇಂದಿಗೂ ಆ ವಾಕ್ಯ ನೆನಪಾದರೆ ನಾನು ಕಲಿಸಿದ ಮಕ್ಕಳ ಭವಿಷ್ಯ ನೆನೆದು ನಡುಕ ಬರುತ್ತದೆ.

ಪೀಟರ್ ಸ್ಟೂಲಿನ ಮೇಲೆ ಕೂತು, ಕೈಬಾಯಿ ಎರಡೂ ಆಡಿಸಿ, ಮಗುವಿಗೆ ಹೇಳುವ ಹಾಗೆ ನನಗೆ ಹೇಳಿದ. ಇದು ಮಠದ್ದಲ್ಲ. ಗಂಡಸನ್ನು ಪ್ರೀತಿಸುವ ಗಂಡಸರದು, ಹೆಂಗಸನ್ನು ಪ್ರೀತಿಸುವ ಹೆಂಗಸರದು. ನಾನೂ ಅಂಥವನೇ ಎಂದ.

ಅಷ್ಟರಲ್ಲಿ ಮೆಷಿನ್ನಿಗೆ ಕೂತಿದ್ದ ಮಾವ ತುಳಿಯುತ್ತಾ "ಏನಂತೆ?" ಎಂದರು. ಸೋದರಮಾವನ ಮುಂದೆ ಪ್ರೀತಿ ಅನ್ನುವ ಮಾತು ಆಡುವುದು ಹೇಗೆ? ಮರ್ಯಾದೆಯಾಗಿ ಸುತ್ತಿ ಬಳಸಿ ಹೇಳೋಣ ಎಂದು, ಬಹಳ ಜಾಣತನದಿಂದ, "ಮದುವೆ ಮಾತು ಬಂದ್ರೆ ಕೆಲವ್ರು ಸುಮ್ನಾಗ್ಬಿಡ್ತಾರಲ್ಲ ಮಾವ, ಜೊತೆಗಾರನ್ನ ಬಿಟ್ಟಿರಕ್ಕಾಗ್ದೆ, ಅಂಥೋರ ಬಾವುಟವಂತೆ" ಎಂದೆ.

ಮಾತು ಬಾಯಿಂದ ಬಿದ್ದ ಮೇಲೆ ಅದು ಯಾರ ತಲೆಯ ಮೇಲೆ ಬಿತ್ತೆಂದು ನನಗೆ ತಿಳಿಯಿತು. ಮೆಷಿನ್ನು ನಿಂತಿತ್ತು.

"ಅಂಥೋರಿಗೂ ಬಾವುಟ ಐತಾ?" ಎಂದರು ಮಾವ.

ಆಮೇಲೆ ಒಂದೊಂದಾಗಿ ಎಲ್ಲ ಕೇಳಿದರು. ಪೀಟರ್ ಹೇಳಿದ್ದನ್ನು ನಾನು ಮೂವತ್ತೈದು ಅಂಕದ ಮಟ್ಟಿಗೆ ತಲುಪಿಸಿದೆ. ಇದಕ್ಕೂ ಮೊದಲು ಅವರ ಗುರುತು ಒಂದು ಗುಲಾಬಿ ತ್ರಿಕೋನವಂತೆ. ಯುದ್ಧದ ಕಾಲದಲ್ಲಿ ಜರ್ಮನಿಯವರು ಇಂಥವರನ್ನು ಹಿಡಿದು ಸೆರೆಗೆ ಹಾಕಿ, ಅಂಗಿಯ ಎದೆಗೆ ಆ ತ್ರಿಕೋನ ಹೊಲಿಸಿದ್ದರಂತೆ. ಎಷ್ಟೋ ಜನ ಅಲ್ಲೇ ಸತ್ತರಂತೆ. ಮಾವ ಕೈಯಲ್ಲಿದ್ದ ಕತ್ತರಿಯನ್ನು ತಿರುಗಿಸಿ ನೋಡಿದರು.

"ಅದನ್ನ ಹೊಲ್ದೋನೂ ಒಬ್ಬ ದರ್ಜಿನೇ ಅಲ್ವೇನೇ" ಎಂದರು.

ಪೀಟರ್ ಮುಂದುವರಿಸಿದ. ಆ ನೋವಿನ ಗುರುತೊಂದೇ ಸಾಲದು, ನಮ್ಮದೇ ಅನ್ನುವಂಥ ಚೆಂದದ್ದೊಂದು ಬೇಕು ಎಂದು ಕೆಲವೇ ವರ್ಷದ ಕೆಳಗೆ ಅವನ ದೇಶದ ಒಬ್ಬ ಕಲಾವಿದ, ಗೆಳೆಯರು ಸೇರಿ ಇದನ್ನು ಮಾಡಿದರಂತೆ. ಕಸದ ಡಬ್ಬಿಗಳಲ್ಲಿ ಬಣ್ಣ ಕಲಸಿ, ಬಟ್ಟೆ ಅದ್ದಿ, ತಾವೇ ಹೊಲಿದರಂತೆ. ಆಗ ಇದ್ದದ್ದು ಆರಲ್ಲ, ಎಂಟು ಪಟ್ಟಿ. ಮೇಲುಗಡೆ ಗುಲಾಬಿ. ಬೇಡಿಕೆ ಹೆಚ್ಚಿ ಕಾರ್ಖಾನೆಯಲ್ಲಿ ಹೊಲಿಸಲು ಹೋದರೆ ಆ ಗುಲಾಬಿ ಬಟ್ಟೆಯೇ ಸಿಗಲಿಲ್ಲವಂತೆ. ಏಳಾಯಿತು. ರಸ್ತೆಯ ಎರಡೂ ಬದಿಗೆ ಅರ್ಧರ್ಧ ಪಾಲು ಮಾಡಿ ತೂಗುಹಾಕಲು ಏಳು ಸರಿಹೊಂದದೆ, ನವಿಲುಕತ್ತಿನ ಬಣ್ಣವನ್ನೂ ಬಿಟ್ಟರಂತೆ. ಆರಾಯಿತು. ಈಗ ನಿಮ್ಮ ಮಾವ ಐದು ಮಾಡಿದ್ದಾರೆ ಎಂದು ಪೀಟರ್ ನಕ್ಕ.

ಮಾವ ನಗಲಿಲ್ಲ. ಏಳನ್ನು ಆರು ಮಾಡಿದ್ದು ಕಸುಬಿನ ಲೆಕ್ಕ, ಒಪ್ಪಿದರು. ಇನ್ನೊಂದನ್ನು ಒಪ್ಪಲಿಲ್ಲ.

"ಗುಲಾಬಿ ಬಟ್ಟೆ ಸಿಗ್ಲಿಲ್ವಾ? ಅಷ್ಟು ದೊಡ್ಡ ದೇಶದಲ್ಲಾ? ತರೀಕೆರೇಲಿ ರಾಣಿ ಕಲರು ಥಾನುಗಟ್ಲೆ ಬಿದ್ದೈತೆ ಅಂತ ಹೇಳೇ ಅವಂಗೆ."

ತರೀಕೆರೆ ಎಂದದ್ದು ಅವರ ಕಿವಿಗೂ ಬಿದ್ದಿತ್ತು.

ಮರುದಿನ ಭಾನುವಾರ. ಯಗಟಿಯವರು ಬರಲು ಇನ್ನು ಒಂದೇ ದಿನ. ಅಜ್ಜಿ ಒಲೆ ಹತ್ತಿರ ಚಕ್ಕುಲಿ ಒತ್ತುತ್ತಿದ್ದಳು. ಮಾವ "ಬಣ್ಣ ನೋಡಕ್ಕೆ ನೀನೂ ಬಾ" ಎಂದು ನನ್ನನ್ನು ಕರೆದುಕೊಂಡು ತರೀಕೆರೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕಿಟಕಿ ಕಡೆ ನೋಡುತ್ತಾ ಟೇಪನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ಟೇಪು ಇನ್ನೂ ಹೋರಿಯ ವಾಸನೆ ಹೊಡೆಯುತ್ತಿತ್ತು.

ಪರಮೇಶಣ್ಣ ಅಂಗಡಿಯ ಹಾಸಿನ ಮೇಲೆ ಕೂತಿದ್ದರು. ನಮ್ಮನ್ನು ನೋಡಿದರೂ ಎದ್ದುಬರಲಿಲ್ಲ.

"ಏನ್ ಬೇಕಿತ್ತು ಸಾರ್?" ಎಂದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಸಾರ್.

"ರಾಣಿ ಕಲರು. ಕಾಲು ಮೀಟ್ರು."

"ಯಾರ ಮದುವೆಗೆ?"

"ಮದುವೆಗಲ್ಲ. ಬಾವುಟಕ್ಕೆ."

ಪರಮೇಶಣ್ಣ ಕತ್ತರಿ ಕೆಳಗಿಟ್ಟರು. "ಗುಲಾಬಿ ಬಾವುಟ ಯಾವ ಪಾರ್ಟಿದೋ?"

"ನಮ್ದು" ಎಂದರು ಮಾವ.

ನಾನು ಆಚೆ ತಿರುಗಿ, ಬೇಡದ ಸೀರೆಯ ಸೆರಗನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಾ ನಿಂತೆ. ಹಿಂದೆ ಮಾವನ ದನಿ ಕೇಳುತ್ತಿತ್ತು. ಸೆರೆಮನೆಯ ತ್ರಿಕೋನ, ಕಸದ ಡಬ್ಬಿ, ಎಂಟು, ಏಳು, ಆರು ಎಲ್ಲ ಹೇಳಿದರು. ನನ್ನ ಭಾಷಾಂತರಕ್ಕಿಂತ ಅವರ ಭಾಷಾಂತರವೇ ಚೆನ್ನಾಗಿತ್ತು. ಪರಮೇಶಣ್ಣ ಒಂದೇ ಮಾತು ಕೇಳಿದರು.

"ನಾಳೆ ಯಗಟಿಯೋರು?"

"ಇವತ್ತೇ ಅವ್ವಂಗೆ ಹೇಳ್ತೀನಿ."

ಪರಮೇಶಣ್ಣ ಬಟ್ಟೆ ಅಳೆಯುವುದರಲ್ಲಿ ಬಲು ಬಿಗಿ. ಅವರು ಎಳೆದು ಅಳೆದರೆ ಒಂದು ಮೀಟರಿಗೆ ಎರಡು ಬೆರಳು ಕಡಿಮೆಯೇ ಬರುತ್ತದೆ ಎಂದು ತಾಲ್ಲೂಕಿಗೇ ಗೊತ್ತಿತ್ತು. ಅವತ್ತು ಕಾಲು ಮೀಟರು ಕೇಳಿದ್ದಕ್ಕೆ ಮುಕ್ಕಾಲು ಮೀಟರು ಹರಿದರು. ಕೇಳದೆಯೇ ನವಿಲುಕತ್ತಿನ ಬಣ್ಣ, ಕಿತ್ತಳೆ, ನೇರಳೆ ತೆಗೆದಿಟ್ಟರು.

ಮನೆಗೆ ಬಂದ ಮೇಲೆ ಮಾವ ನೇರ ಒಲೆಯ ಹತ್ತಿರ ಹೋದರು. ನಾನು ಬಾಗಿಲ ಹಿಂದೆ ನಿಂತೆ. ಮೇಷ್ಟ್ರಾಗುವವರು ಕದ್ದು ಕೇಳಬಾರದು ಅನ್ನುವುದು ಆರ್ಡರು ಬಂದ ಮೇಲಿನ ಮಾತು.

"ಅವ್ವ, ಯಗಟಿಯೋರಿಗೆ ಬರ್ಬೇಡಿ ಅಂತ ಹೇಳಿ ಕಳ್ಸು. ನಂಗೆ ಮದುವೆ ಬೇಡ. ನಾಳೆಗಲ್ಲ, ಯಾವತ್ತಿಗೂ ಬೇಡ."

ಚಕ್ಕುಲಿಯ ಒರಳು ನಿಂತಿತು. ಅಜ್ಜಿ ಕೂಗಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ತೆಂಗಿನ ತೋಟದ ಹೆಸರು ಹಿಡಿದು ಅಳುತ್ತಾಳೆ ಎಂದು ನಾನು ಕಾದೆ. ಎಣ್ಣೆಯಲ್ಲಿದ್ದ ಚಕ್ಕುಲಿ ಕಪ್ಪಾಗುವ ವಾಸನೆ ಬಂತು.

"ಪರಮೇಶಿ ಈ ಸಂತೆಗೆ ಬತ್ತಾನಾ?" ಎಂದಳು ಅಜ್ಜಿ.

"ಬತ್ತಾನೆ."

"ಹಂಗಾದ್ರೆ ಬೆಕ್ಕಿಗೆ ಕೆನೆ ಹಾಕೋದು ನಿಲ್ಲಿಸ್ತೀನಿ" ಎಂದು ಸುಟ್ಟ ಚಕ್ಕುಲಿ ಎತ್ತಿಹಾಕಿದಳು. ಆಮೇಲೆ ಮೂರು ದಿನ ಮಗನ ಜೊತೆ ಮಾತಾಡಲಿಲ್ಲ, ಅದು ಬೇರೆ. ಯಗಟಿಯ ತೋಟದ ಎಳನೀರು ಕುಡಿಯುವ ಯೋಗ ತಪ್ಪಿದ್ದನ್ನು ಸಾಯುವ ತನಕ ಹೇಳುತ್ತಲೇ ಇದ್ದಳು. ಆ ಹುಡುಗಿ ಮರುವರ್ಷ ಬೀರೂರಿನ ಒಬ್ಬ ಮೇಷ್ಟ್ರನ್ನು ಮದುವೆಯಾಗಿ ಸುಖವಾಗಿದ್ದಾಳೆ. ನನಗೆ ಗೊತ್ತು, ಒಂದೇ ಸ್ಕೂಲಿನಲ್ಲಿ ನಾನೂ ಅವಳ ಗಂಡನೂ ಹನ್ನೊಂದು ವರ್ಷ ಪಾಠ ಮಾಡಿದ್ದೇವೆ.

ಮಾವ ಎಂಟು ಪಟ್ಟಿಯ ಎರಡು ಬಾವುಟ ಹೊಲಿದರು. ಎರಡಕ್ಕೂ ಸ್ನಾನ, ವಿಭೂತಿ, ಎಲೆ ಅಡಿಕೆಯ ನಿಷೇಧ ಎಲ್ಲ ನಡೆಯಿತು. ಒಂದನ್ನು ಪೀಟರಿಗೆ ಕೊಟ್ಟರು. ಅವನು ಅದನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ಅಜ್ಜಿ "ಪೀಟ್ರಪ್ಪ, ಹ್ಹೊಹ್ಹೊ" ಎಂದು ಬೆನ್ನು ಸವರಿದಳು. ಇನ್ನೊಂದು ಮೆಷಿನ್ನಿನ ಹೊದಿಕೆಯಾಯಿತು. ಕೇಳಿದವರಿಗೆ ಚಿಂದಿ ಎಂದರು. ಅಷ್ಟು ಬಣ್ಣವನ್ನು ಊರಿನ ನಡುವೆ, ಬಾಗಿಲಿಗೆ ಎದುರಾಗಿ, ವರ್ಷಗಟ್ಟಲೆ ಹೀಗೆ ಬಿಡಿಸಿಟ್ಟಿದ್ದರು.

ಒಂದು ದಿನ ಅವರೆಕಾಯಿ ಸುಲಿಯುವಾಗ ಅಜ್ಜಿ ಕೇಳಿದಳು. "ಆ ಬಣ್ಣಕ್ಕೆಲ್ಲ ಒಂದೊಂದು ಅರ್ಥ ಹೇಳಿದ್ನಂತಲ್ಲೇ ಪೀಟ್ರಪ್ಪ, ಏನದು?"

ನಾನು ಪಾಠ ಒಪ್ಪಿಸಿದೆ. ಕೆಂಪು ಅಂದರೆ ಜೀವ. ಕಿತ್ತಳೆ ಅಂದರೆ ಗಾಯ ಮಾಯುವುದು. ಹಳದಿ ಸೂರ್ಯ, ಹಸಿರು ಗಿಡಮರ, ನವಿಲುಕತ್ತು ಮಾಯೆ ಮತ್ತು ಕಲೆ, ನೀಲಿ ನೆಮ್ಮದಿ, ನೇರಳೆ ಆತ್ಮ.

"ಗುಲಾಬಿ?"

ಗುಲಾಬಿ ಅಂದರೆ ಕಾಮ ಎಂದು ಪೀಟರ್ ಹೇಳಿದ್ದ. "ಗುಲಾಬಿದು ಮರ್ತೋಯ್ತು ಅಜ್ಜಿ" ಎಂದೆ.

ಅಜ್ಜಿ ನನ್ನನ್ನೊಮ್ಮೆ ನೋಡಿ ಇನ್ನೊಂದು ಕಾಯಿ ಸುಲಿದಳು. "ಎಂಟು ಹೆತ್ತೋಳಿಗೆ ಅದನ್ನ ನೀನು ಹೇಳ್ಕೊಡ್ಬೇಕೇನೇ? ಸುಲಿ, ಸುಲಿ" ಎಂದಳು.

ಅಜ್ಜಿ ಹೋದಳು. ನಾನು ಊರೂರು ಸುತ್ತಿ ಮತ್ತೆ ಅಜ್ಜಂಪುರಕ್ಕೇ ವರ್ಗವಾಗಿ ಬಂದು ಮಾವನ ಮನೆ ಸೇರಿದೆ. ಪರಮೇಶಣ್ಣ ಪ್ರತಿ ಸಂತೆಗೂ ಬರುತ್ತಿದ್ದರು. ಮಾವ ತೀರಿಕೊಂಡದ್ದು ಒಂದು ಶುಕ್ರವಾರ. ಬಂದವರೆಲ್ಲ ನನ್ನನ್ನು, ತಂಗಿಯನ್ನು ಸಂತೈಸಿದರು. ಪರಮೇಶಣ್ಣ ಜಗಲಿಯ ಮೂಲೆಯಲ್ಲಿ ಕೂತಿದ್ದರು, ಅವರ ಹತ್ತಿರ ಯಾರೂ ಹೋಗಲಿಲ್ಲ. ಹೋಗಿ ಏನೆನ್ನಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದೂ ನಾನು ಹೋಗಲಿಲ್ಲ. ಆ ತಪ್ಪು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಅವರು ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ಸಂತೆಯ ದಿನ ಬಂದರು. ನಾನು ಊಟಕ್ಕೆ ಹಾಕಿ, ಕೆನೆ ಎತ್ತಿ ಬಡಿಸಿದೆ. ಉಂಡರು. ಕೈ ತೊಳೆದು ಮೆಷಿನ್ನಿನ ಮುಂದೆ ನಿಂತು ಹೊದಿಕೆಯನ್ನು ಸವರಿದರು. ಬಾಗಿಲ ಬಿಸಿಲಿಗೆ ಮೇಲಿನ ಪಟ್ಟಿ ಬೆಳ್ಳಗಾಗಿ ಹೋಗಿತ್ತು.

"ಗುಲಾಬಿ ಮಾಸೋಗೈತೆ ಕಣೇ ಗಿರಿಜಿ. ಬರೋ ಸಂತೆಗೆ ತತ್ತೀನಿ" ಎಂದರು.

ತಂದರು. ಕಾಲು ಮೀಟರಿನ ಜಾಗಕ್ಕೆ ಮುಕ್ಕಾಲು ಮೀಟರು. ಹೊಲಿಯಲು ಊರಲ್ಲಿ ಬೇರೆ ದರ್ಜಿಗಳಿದ್ದರು, ಆದರೆ ಇಬ್ಬರಿಗೂ ಅವರ ಹೆಸರು ಬಾಯಿಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿದೆ. ವಿಭೂತಿ ಹಚ್ಚಿದೆ. ಜೀವಮಾನದಲ್ಲಿ ಮೊದಲ ಸಲ ಮಾವನ ಮೆಷಿನ್ನಿನ ಮುಂದೆ ಕೂತೆ. ಪರಮೇಶಣ್ಣ ಬಟ್ಟೆಯ ಆ ತುದಿ ಬಿಗಿಯಾಗಿ ಹಿಡಿದುಕೊಂಡರು, ಮೊದಲ ಬಸ್ಸು ಹೋಯಿತು, ಎರಡನೆಯದೂ ಹೋಯಿತು. ಹೊಲಿದು ಮುಗಿಸಿ ಬಿಡಿಸಿ ನೋಡಿದರೆ ನಮ್ಮಿಬ್ಬರ ಕಣ್ಣಿಗೂ ಅದು ನೇರವಾಗಿಯೇ ಕಂಡಿತು.